ಮೂಸಿ ನೋಡಿದ ಜಾಡಿ

ಉಷಾ ಜಾಡಿಯ ಮುಚ್ಚಳ ತೆಗೆದು ಇನ್ನೇನು ಸಿಂಕಿಗೆ ಬಗ್ಗಿಸಬೇಕು, ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದ ಮಸರ್ರತ್ "ಬೇಡ, ಬೇಡ" ಎಂದಳು.

"ಅಕ್ಕಾ, ನೀರೆಲ್ಲಾ ಬೆಳ್ಳಗಾಗಿದೆ. ಸೌತೆಕಾಯಿ ಕೆಟ್ಟೋಗಿದೆ ಅನ್ಸತ್ತೆ."

"ಅದು ಹಾಗೇ ಆಗೋದು. ಮುಚ್ಚಿಟ್ಬಿಡು."

ಉಷಾ ಎದುರು ಮನೆಯವಳು. ಬೆಳಗ್ಗೆಯೇ ಬಂದು ಪಾತ್ರೆ ತೊಳೆಯುತ್ತಿದ್ದಳು. ಮಸರ್ರತ್‌ಳ ಗಂಡ ಮನ್ಸೂರ್ ಮೊನ್ನೆ ರಾತ್ರಿ ಮಲಗಿದವನು ಬೆಳಗ್ಗೆ ಏಳಲಿಲ್ಲ. ಡಾಕ್ಟರು ಹೃದಯ ಎಂದರು. ಈಗ ಮಗ ಮುನೀಬ್ ಮತ್ತು ಮನ್ಸೂರನ ಗೆಳೆಯ ಶಹಬಾಜ್ ಅವನನ್ನು ಮಣ್ಣು ಮಾಡಲು ಹೋಗಿದ್ದರು. ಕೊರೊನಾದ ಆ ಅಕ್ಟೋಬರಿನಲ್ಲಿ ಒಂದು ಮನೆಗೆ ಮೂವರಿಗಿಂತ ಹೆಚ್ಚು ಅತಿಥಿಗಳು ಬರುವಂತಿರಲಿಲ್ಲ. ವೆಲ್ಡ್‌ಹೋವನ್ ಎಂಬ ಆ ಡಚ್ ಊರಿನ ಪರಿಚಿತರೆಲ್ಲ ಕಿಟಕಿಯಾಚೆ ನಿಂತು ದುವಾ ಮಾಡಿ, ಊಟದ ಡಬ್ಬಿ ಹೊಸ್ತಿಲಲ್ಲಿಟ್ಟು, ಸೈಕಲ್ ಹತ್ತಿ ಹೋಗುತ್ತಿದ್ದರು. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲವಲ್ಲ.

ಜಾಡಿಗೆ ಮನ್ಸೂರ್ ಅಂಟಿಸಿದ್ದ ಪಟ್ಟಿಯನ್ನು ಉಷಾ ಓದಿದಳು. "ಅಕ್ಟೋಬರ್ ಹದಿನೇಳಕ್ಕೆ ತೆಗೆಯುವುದು. ಮಸರ್ರತ್ ಮೂಸಿ ನೋಡಿದ್ದಾಳೆ, ಚೆನ್ನಾಗಿದೆ." ಆಮೇಲೆ ತಲೆಯೆತ್ತಿ, "ಹದಿನೇಳು ಅಂದ್ರೆ ಇವತ್ತೇ ಅಲ್ವಾ ಅಕ್ಕಾ?" ಎಂದಳು.

ಮಸರ್ರತ್ ಜಾಡಿಯನ್ನು ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಆ ಜಾಡಿಯನ್ನು ಅವಳು ಮೂಸಿರಲಿಲ್ಲ. ಯಾವ ಜಾಡಿಯನ್ನೂ ಮೂಸಿರಲಿಲ್ಲ.

*

ಆರು ವರ್ಷದ ಹಿಂದೆ, ಕಂಪನಿಯ ಉಗ್ರಾಣದಲ್ಲಿ ಜೊತೆಗಿದ್ದ ಪೋಲೆಂಡಿನವನೊಬ್ಬ ಮನ್ಸೂರನಿಗೆ ಈ ಉಪ್ಪಿನಕಾಯಿಯ ಹುಚ್ಚು ಹತ್ತಿಸಿದ್ದ. ಮಿಡಿ ಸೌತೆ, ಜಜ್ಜಿದ ಬೆಳ್ಳುಳ್ಳಿ, ಹೂಬಿಟ್ಟ ಸಬ್ಬಸಿಗೆ, ಮೇಲೆ ಮುಳುಗುವಷ್ಟು ಉಪ್ಪುನೀರು. ಎಣ್ಣೆಯಿಲ್ಲ, ಖಾರವಿಲ್ಲ, ಬಿಸಿಲಂತೂ ಇಲ್ಲವೇ ಇಲ್ಲ. ಮಸರ್ರತ್ ಚಿಂತಾಮಣಿಯವಳು. ಅವಳ ತವರಿನಲ್ಲಿ ಉಪ್ಪಿನಕಾಯಿಗೆ ಒದ್ದೆ ಕೈ ಹಾಕಿದವರ ಬೆನ್ನಿಗೆ ಸೌಟು ಬೀಳುತ್ತಿತ್ತು. ಹೀಗಿರುವಾಗ ನೀರಲ್ಲೇ ಮುಳುಗಿದ ಉಪ್ಪಿನಕಾಯಿ ನಾಲ್ಕನೇ ದಿನ ಬೆಳ್ಳಗಾಗಿ ಗುಳ್ಳೆಯೇಳತೊಡಗಿದರೆ ಅವಳು ಸುಮ್ಮನಿರುತ್ತಾಳೆಯೇ? ಹಿಂದೆಮುಂದೆ ನೋಡದೆ ಚೆಲ್ಲಿ, ಜಾಡಿ ತೊಳೆದು ಬೋರಲು ಹಾಕಿದಳು.

ಕೆಲಸದಿಂದ ಬಂದ ಮನ್ಸೂರ್ ಜಾಡಿ ನೋಡಿ ನಕ್ಕುಬಿಟ್ಟ. "ಅದು ಕೆಟ್ಟಿರ್ಲಿಲ್ಲ ಕಣೇ, ಈಗಷ್ಟೇ ಹುಳಿ ಹಿಡೀತಿತ್ತು."

"ನೀರು ತಾಗಿದ್ದನ್ನ ನಾನಂತೂ ಬಾಯಿಗಿಡಲ್ಲ."

ಹೇಳಿದಂತೆಯೇ ನಡೆದುಕೊಂಡಳು. ಅವನು ಆಮೇಲೆ ಹೂಕೋಸು, ಕ್ಯಾರೆಟ್, ಮೂಲಂಗಿ ಎಲ್ಲವನ್ನೂ ಹಾಕಿದ, ಬೀದಿಗೆಲ್ಲ ಹಂಚಿದ. ಮನೆಯವಳಿಗೆ ಒಂದು ತುಂಡು ತಿನ್ನಿಸಲು ಮಾತ್ರ ಆಗಲಿಲ್ಲ.

ಈ ಮಾರ್ಚಿನಲ್ಲಿ ಅವನಿಗೆ ಕೊರೊನಾ ಬಂತು. ಅವನು ಹುಷಾರಾದ, ಮೂಗು ಹುಷಾರಾಗಲಿಲ್ಲ. ಕಾಫಿಯೂ ಫಿನಾಯಿಲೂ ಒಂದೇ ಆಯಿತು. ಆಮೇಲಿಂದ ಪ್ರತಿ ಸಲ ಜಾಡಿಯನ್ನು ಅವಳೆದುರು ತಂದು ಹಿಡಿಯುತ್ತಿದ್ದ. "ಮೂಸಿ ಹೇಳು. ಸರಿಯಿದೆಯಾ? ಬೆಳ್ಳುಳ್ಳಿ ಹೆಚ್ಚಾಯ್ತಾ?"

ಮಸರ್ರತ್ ಮುಖ ಬಗ್ಗಿಸಿ, ಉಸಿರು ಬಿಗಿಹಿಡಿದು, "ಚೆನ್ನಾಗಿದೆ" ಎನ್ನುತ್ತಿದ್ದಳು. ಒಂದು ಉಸಿರಿನ ಕೆಲಸ, ಅಷ್ಟನ್ನೂ ಮಾಡಲಿಲ್ಲ. ಅವನು ಖುಷಿಯಾಗಿ ಪೆನ್ನು ತೆಗೆದು ಪಟ್ಟಿ ಬರೆಯುತ್ತಿದ್ದ.

*

ಮಧ್ಯಾಹ್ನ ಮುನೀಬ್, ಶಹಬಾಜ್ ವಾಪಸು ಬಂದರು. ಇಬ್ಬರ ಬೂಟಿನಲ್ಲೂ ಒದ್ದೆ ಮಣ್ಣು.

"ಜನ ಇದ್ರಾ?" ಮಸರ್ರತ್ ಕೇಳಿದಳು.

"ಇಪ್ಪತ್ತು ಜನ ಇದ್ರು ಅಮ್ಮೀ. ಡಿಸ್ಟೆನ್ಸ್ ಇಟ್ಕೊಂಡೇ ನಮಾಜ್ ಆಯ್ತು," ಎಂದ ಮುನೀಬ್. ಗ್ರೋನಿಂಗನ್‌ನಿಂದ ರೈಲು ಹಿಡಿದು ಬಂದಾಗಿನಿಂದ ಅವನು ಸರಿಯಾಗಿ ಕೂತೇ ಇರಲಿಲ್ಲ.

ಉಷಾ ಹೊಸ್ತಿಲ ಡಬ್ಬಿಗಳನ್ನು ತಂದು ಅನ್ನ, ಖಟ್ಟಾ ದಾಲ್ ಬಡಿಸಿದಳು. ಶಹಬಾಜ್ ಕಿಟಕಿಯ ಕಟ್ಟೆಯ ಮೇಲಿದ್ದ ಜಾಡಿಯನ್ನು ಕಂಡ. "ಭಾಭಿ, ಈ ಬೇಸಿಗೆಯೆಲ್ಲ ನಿಮ್ಮ ಸರ್ಟಿಫಿಕೇಟ್ ನೋಡ್ಕೊಂಡೇ ತಿಂದಿದ್ದು ನಾವು."

"ಎಲ್ಲಾ ಚೆನ್ನಾಗಿತ್ತಾ?"

ಶಹಬಾಜ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿದ. "ಜುಲೈದು ಒಂದು ಕೆಟ್ಟಿತ್ತು ಭಾಭಿ. ಮುಚ್ಚಳ ತೆಗೆದ್ರೆ ಮನೇಲಿ ನಿಲ್ಲೋಕಾಗ್ತಿರ್ಲಿಲ್ಲ. ಫೋನ್ ಮಾಡಿ ಹೇಳ್ದೆ, ನನಗೇ ಬೈದ್ಬಿಟ್ಟ. ಮಸರ್ರತ್ ಮೂಸಿದ್ಮೇಲೆ ಕೆಡೋ ಮಾತೇ ಇಲ್ಲ, ನಿನ್ನ ಫ್ರಿಜ್ಜೇ ಸರಿಯಿಲ್ಲ ಅಂದ."

ಉಷಾ ನಕ್ಕಳು, ಮುನೀಬನೂ ನಕ್ಕ. ಮಸರ್ರತ್‌ಳಿಗೆ ನಾಚಿಕೆಯಾಯಿತು. ಊಟಕ್ಕೆಂದು ಕೈ ತೊಳೆಯಲು ಎದ್ದಳು, ತೊಳೆದಳು, ಒರೆಸಿಕೊಳ್ಳದೆ ನೇರ ಜಾಡಿಯ ಬಳಿಗೆ ಹೋದಳು.

ಮುಚ್ಚಳ ತಿರುಗಿಸಿ, ಮೂಗನ್ನು ಜಾಡಿಯ ಬಾಯಿಗೇ ಒಡ್ಡಿ ಎದೆ ತುಂಬ ಉಸಿರೆಳೆದಳು. ಮೊದಲು ಹುಳಿ, ಅದರ ಹಿಂದೆಯೇ ಸಬ್ಬಸಿಗೆ, ಆಮೇಲೆ ಕಣ್ಣಿಗೆ ನೀರು ಬರಿಸುವಷ್ಟು ಬೆಳ್ಳುಳ್ಳಿ. ಕೆಟ್ಟಿರಲಿಲ್ಲ.

"ಅಕ್ಕಾ, ಕೈ ಒದ್ದೆಯಿದೆ," ಎಂದು ಉಷಾ ಒಣ ಚಮಚ ಚಾಚಿದಳು.

ಮಸರ್ರತ್ ಅದನ್ನು ತೆಗೆದುಕೊಳ್ಳಲಿಲ್ಲ. ಮಣಿಕಟ್ಟಿನವರೆಗೆ ಒದ್ದೆ ಕೈ ಇಳಿಸಿ, ಒಂದು ಸೌತೆಕಾಯಿ ಎತ್ತಿ ಕಚ್ಚಿದಳು. ಕರುಂ ಎಂದಿತು. ನಿಧಾನವಾಗಿ ಅಗಿದು ನುಂಗಿದಳು.

"ಬೆಳ್ಳುಳ್ಳಿ ಹೆಚ್ಚಾಯ್ತು ರೀ," ಎಂದಳು, ಜಾಡಿಯನ್ನೇ ನೋಡುತ್ತ.

ಅವಳು ಮತ್ತೆ ಕೈ ಹಾಕಿ ಮಗನ ತಟ್ಟೆಗೊಂದು, ಶಹಬಾಜನ ತಟ್ಟೆಗೊಂದು, ಉಷಾಳ ತಟ್ಟೆಗೊಂದು ಇಟ್ಟಳು. ಜಾಡಿ ಹಿಡಿದ ಎಡಗೈಯ ಒದ್ದೆಗೆ ಪಟ್ಟಿಯ ಶಾಯಿ ಹರಡತೊಡಗಿತ್ತು. ಬಲಗೈಯಲ್ಲಿ ಮೊಳಕೈವರೆಗೆ ಉಪ್ಪುನೀರು ಇಳಿಯುತ್ತಿತ್ತು.