ಬಣ್ಣ ಹೊಡೆಯದೆ ಬಿಟ್ಟ ಗೋಡೆ

ಆ ಬೀದಿಯಲ್ಲಿ ಅಳತೆ ಸರಿಯಿಲ್ಲದ ಬಟ್ಟೆ ಹಾಕಿಕೊಂಡು ಓಡಾಡುವವರು ಹೆಚ್ಚಾಗತೊಡಗಿದ್ದರು. ಕಾರಣ ಎಲ್ಲರಿಗೂ ಗೊತ್ತಿತ್ತು. ಟೈಲರಮ್ಮನ ಅಂಗಡಿ ಮುಚ್ಚಿತ್ತು.

ಅವರ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರ್ ಎಂದು ತಿಳಿದು, ಆಪರೇಷನ್ ಆಗಿ, ಆಮೇಲಿನ ಚಿಕಿತ್ಸೆಯೂ ಮುಗಿದಿತ್ತು. "ಇನ್ನು ನಿಧಾನಕ್ಕೆ ನಿಮ್ಮ ಕೆಲಸ ಶುರು ಮಾಡಿ" ಎಂದು ಡಾಕ್ಟರೇ ಹೇಳಿದ್ದರು. ಆದರೆ ಬಲಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಏಳಲು ಯಾರೂ ಬಿಟ್ಟಿರಲಿಲ್ಲ ಅನ್ನುವುದೇ ಸರಿ. ಅತ್ತೆ ತಲೆ ಬಾಚುತ್ತಿದ್ದರು. ಗಂಡ ನೀರಿನ ಲೋಟವನ್ನೂ ಬಾಯಿಯ ಹತ್ತಿರ ತಂದು ಹಿಡಿಯುತ್ತಿದ್ದ. ಪ್ರೀತಿಗೇನೂ ಕೊರತೆಯಿರಲಿಲ್ಲ, ಆ ಪ್ರೀತಿಯಲ್ಲೇ ಭುಜ ಮರದ ಕೊರಡಾಗುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಕೈ ವ್ಯಾಯಾಮ ಹೇಳಿಕೊಟ್ಟಿದ್ದರು. ಟೈಲರಮ್ಮ ಅಲ್ಲಿ ತಲೆಯಾಡಿಸಿದರು, ಮನೆಗೆ ಬಂದು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಯಾರಾದರೂ ಕೇಳಿದರೆ ಒಂದೇ ಉತ್ತರ.

"ಬಟ್ಟೆ ಎಳೆದ್ರೆ ಮೊದಲು ಬಿಟ್ಕೊಳ್ಳೋದೇ ಹೊಲಿಗೆ. ಇಷ್ಟು ವರ್ಷದಿಂದ ಅದನ್ನೇ ನೋಡ್ತಾ ಬಂದಿದೀನಿ. ನಂಗೇ ಹೇಳ್ತೀರಾ?"

ಹೊಲಿಗೆಯ ವಿಷಯದಲ್ಲಿ ಅವರೊಂದಿಗೆ ವಾದ ಮಾಡುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಕೊನೆಗೆ, ಅಂಗಡಿಯ ಕೋಣೆಯನ್ನು ಬಾಡಿಗೆಗೆ ಕೊಡುವುದು, ಹೊಲಿಗೆ ಯಂತ್ರವನ್ನು ನಾದಿನಿಯ ಮನೆಗೆ ಕಳಿಸುವುದು ಎಂದು ತೀರ್ಮಾನವಾಯಿತು. ಆ ರಾತ್ರಿ ಟೈಲರಮ್ಮನಿಗೆ ಅನ್ನ ಸೇರಲಿಲ್ಲ. ಹುಡುಗಿಯಾಗಿದ್ದಾಗ ಕಲಿತ ಕೆಲಸ, ಅದಿಲ್ಲದೆ ತಾನು ಯಾರು ಎಂದೇ ಅವರಿಗೆ ಗೊತ್ತಿರಲಿಲ್ಲ.

ಕೋಣೆಗೆ ಬಣ್ಣ ಹೊಡೆಯಲು ಪೇಂಟರಕ್ಕ ಬಂದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಬಣ್ಣಕ್ಕಿಂತ ಮೊದಲು ಅವರ ಮಾತು ಗೋಡೆ ಮುಟ್ಟುತ್ತಿತ್ತು. ಏಣಿ ಹತ್ತಿ ನಿಂತರೆ ಬಲಗೈಯ ರೋಲರ್ ಚಾವಣಿಯ ಈ ಮೂಲೆಯಿಂದ ಆ ಮೂಲೆಗೆ ಸರಾಗವಾಗಿ ಓಡುತ್ತಿತ್ತು. ಬಾಗಿಲಲ್ಲಿ ಕೂತ ಟೈಲರಮ್ಮ ರೆಪ್ಪೆ ಮಿಟುಕಿಸದೆ ಆ ಕೈಯನ್ನೇ ನೋಡಿದರು.

"ಪುಣ್ಯವಂತರು ಕಣ್ರೀ ನೀವು. ಈ ಜನ್ಮದಲ್ಲಿ ನನ್ನ ಕೈ ಹಾಗೆ ಏಳಲ್ಲ."

"ಯಾಕಮ್ಮ, ಏನಾಯ್ತು?"

"ಎದೆ ಆಪರೇಷನ್ ಆಗಿದೆ. ಕ್ಯಾನ್ಸರ್. ಬಲಗಡೆ."

ರೋಲರ್ ನಿಂತಿತು. "ನಂದೂ ಬಲಗಡೆನೇ. ಎಂಟು ವರ್ಷ ಆಯ್ತು."

"ತಮಾಷೆ ಮಾಡ್ಬೇಡಿ."

ಪೇಂಟರಕ್ಕ ಇಳಿದು ಬಂದರು. ಬೀದಿ ಬಾಗಿಲು ಹಾಕಿ, ಅಂಗಿ ಸರಿಸಿ, ಕಂಕುಳಿನವರೆಗೆ ಹೋದ ಗಾಯದ ಗೆರೆ ತೋರಿಸಿದರು. ಟೈಲರಮ್ಮ ಹತ್ತಿರ ಬಂದು ನೋಡಿದರು. ಇದೇ ಎದೆ, ಇದೇ ಗೆರೆ, ಈಗಷ್ಟೇ ಚಾವಣಿ ಮುಟ್ಟಿದ ಕೈಯೂ ಇದೇ! ದೇವರ ಎದುರು ನಿಂತವರಂತೆ ಅವರು ನಿಂತರು.

"ಹೊಲಿಗೆ ಬಿಟ್ಕೊಳ್ಳಲಿಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಬಟ್ಟೆ ಹರಿದ್ರೆ ತಾನಾಗೇ ಕೂಡ್ಕೊಳ್ಳುತ್ತಾ? ಇಲ್ಲ. ಮೈ ಕೂಡ್ಕೊಳ್ಳುತ್ತೆ ಕಣಮ್ಮ. ನಿಮ್ಮ ಗಾಯ ಕೂಡ್ಕೊಂಡು ಎಷ್ಟು ಕಾಲ ಆಯ್ತೋ! ಅಲ್ಲಾಡಿಸ್ದೆ ಇಟ್ಟಿದ್ದಕ್ಕೇ ಭುಜ ಹೀಗೆ ಬಿಗಿದಿರೋದು."

ಒಳಗಿಂದ ಅತ್ತೆ ಬಂದರು. "ಹೆಚ್ಚುಕಮ್ಮಿ ಆದ್ರೆ ಯಾರಮ್ಮ ಹೊಣೆ?"

"ನನ್ನ ಮಾತು ಕೇಳಿ ಏನೂ ಮಾಡ್ಬೇಡಿ ಅಜ್ಜಿ. ನಾಳೆ ಆಸ್ಪತ್ರೆಗೇ ಹೋಗಿ ಕೇಳೋಣ. ನಾನೂ ಬರ್ತೀನಿ. ನಾನಂತೂ ಈಗಲೂ ತಪಾಸಣೆ ತಪ್ಪಿಸಲ್ಲ."

ಮರುದಿನ ಡಾಕ್ಟರು ಪರೀಕ್ಷಿಸಿ, ಗಾಯ ಪೂರ್ತಿ ಮಾಗಿದೆ ಎಂದರು. ಫಿಸಿಯೋಥೆರಪಿಯವರು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸುವುದನ್ನು ಕಲಿಸಿದರು. "ಸ್ವಲ್ಪ ಎಳೆದಂಗಾಗುತ್ತೆ, ಹೆದರಬೇಡಿ. ತುಂಬಾ ನೋವಾದ್ರೆ ನಿಲ್ಲಿಸಿ. ಕೈ ಊದಿಕೊಂಡ್ರೆ, ಕೆಂಪಾದ್ರೆ, ಜ್ವರ ಬಂದ್ರೆ ತಡ ಮಾಡ್ದೆ ಬನ್ನಿ" ಎಂದರು. ಅತ್ತೆ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮನೆಗೆ ಬಂದ ಪೇಂಟರಕ್ಕ ಮೂರು ಗೋಡೆಗೆ ಬಣ್ಣ ಮುಗಿಸಿ, ನಾಲ್ಕನೆಯದನ್ನು ಹಾಗೇ ಬಿಟ್ಟರು. "ಇದು ನಿಮ್ದು. ತಲೆಗಿಂತ ಮೇಲಿರೋ ಆ ಹಳೇ ಬಣ್ಣದ ಪಟ್ಟಿ ಮುಟ್ಟಿದ ದಿನ ಬಣ್ಣ ಹೊಡೀತೀನಿ."

"ಬಾಡಿಗೆಯವರು ಬರ್ತಾರಲ್ರೀ!" ಎಂದ ಗಂಡ.

"ಕಾಯಲಿ ಬಿಡಪ್ಪ. ಕಾಯೋಕಾಗ್ದೆ ಇದ್ರೆ ಇನ್ನೂ ಒಳ್ಳೇದು."

ಟೈಲರಮ್ಮ ಆ ಗೋಡೆಯ ಮುಂದೆ ದಿನಾ ನಿಂತರು. ಅತ್ತರು, ಪೇಂಟರಕ್ಕನಿಗೆ ಮನಸಾರೆ ಬೈದರು, ಮತ್ತೆ ನಿಂತರು. ಕೆಲವು ದಿನ ಬೆರಳು ಒಂದಿಂಚೂ ಮೇಲೇರುತ್ತಿರಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದ ಪೇಂಟರಕ್ಕ ಬೆರಳು ತಲುಪಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆದು, ಕಾಫಿ ಕುಡಿದು, ಊರ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಿದ್ದರು. ಗಂಡ ಲೋಟ ಹಿಡಿಯುವುದನ್ನು ಬಿಟ್ಟ. ಅತ್ತೆ ಬಾಚಣಿಗೆಯನ್ನು ಸೊಸೆಯ ಕೈಗೇ ಕೊಟ್ಟರು. ಗೆರೆಗಳು ಮೇಲೇರಿದವು. ಒಂದು ಬೆಳಿಗ್ಗೆ ಬೆರಳು ಪಟ್ಟಿಯನ್ನು ಮುಟ್ಟಿದಾಗ ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದರು. ಮನುಷ್ಯರ ಮೈ ಎಂಥ ಸೋಜಿಗ! ಅಷ್ಟು ಕೊಯ್ದರೂ, ಅಷ್ಟು ಔಷಧಿ ಸುರಿದರೂ ಅದು ಮತ್ತೆ ಏಳಲು ಸಿದ್ಧವಾಗಿತ್ತು. ಬಾಡಿಗೆಯ ಮಾತು ಅಲ್ಲಿಗೇ ನಿಂತಿತು, ಹೊಲಿಗೆ ಯಂತ್ರವೂ ಅಂಗಡಿಯಲ್ಲೇ ಉಳಿಯಿತು.

ಪೇಂಟರಕ್ಕ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ, ಹೊಸದಾಗಿ ಆಪರೇಷನ್ ಆದವರ ಜೊತೆ ಕೂತು ಬರುವುದು ಟೈಲರಮ್ಮನಿಗೆ ತಿಳಿದದ್ದು ಆಮೇಲೆ. ಒಂದು ವಾರ ಅವರೂ ಹೊರಟರು. ಮುಂದೆ ಗುಂಡಿಯಿರುವ, ತೋಳು ಸಡಿಲವಿರುವ ಅಂಗಿಗಳನ್ನು ತಾವೇ ಹೊಲಿದು ತಂದಿದ್ದರು.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಒಬ್ಬರು ಶಾಲೆ ಟೀಚರ್ ಎಲ್ಲರಿಗೂ ಬೆನ್ನು ಹಾಕಿ ಮಲಗಿದ್ದರು.

"ಕೈ ಎತ್ತದೇ ಹಾಕ್ಕೋಬಹುದು, ನೋಡಿ" ಎಂದು ಟೈಲರಮ್ಮ ಅಂಗಿಯನ್ನು ಹತ್ತಿರ ಇಟ್ಟರು.

"ನಿಮ್ಮನೆಯವರು ಯಾರು ಅಡ್ಮಿಟ್ ಆಗಿರೋದು?"

"ಯಾರೂ ಇಲ್ಲಮ್ಮ. ಹೋದ ವರ್ಷ ಈ ವಾರ್ಡಲ್ಲಿ ಮಲಗಿದ್ದೋಳು ನಾನೇ."

ಟೀಚರ್ ನಿಧಾನವಾಗಿ ಇತ್ತ ತಿರುಗಿದರು. ಟೈಲರಮ್ಮನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಕಣ್ಣು ತುಂಬಿ ಬಂತು.

"ನಾನು ಮತ್ತೆ ಬೋರ್ಡ್ ಮೇಲೆ ಬರೀತೀನಾ?"

"ಇವತ್ತು ಆಗಲ್ಲ. ಆಗೋವರೆಗೂ ನಾನು ಬರ್ತಾ ಇರ್ತೀನಿ."

ಓದುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬೀದಿಯಲ್ಲೂ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಯೊಳಗೇ ಉಳಿದವರಿರಬಹುದು. ಅದು ಅಂಟುವ ಕಾಯಿಲೆಯಲ್ಲ, ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ವೈದ್ಯರು ಹೇಳಿದ ವ್ಯಾಯಾಮ, ತಪಾಸಣೆ ತಪ್ಪದಂತೆ ಜೊತೆಗಿರಿ. ನೀವೇ ಗೆದ್ದು ಬಂದವರಾದರೆ, ಈಗಷ್ಟೇ ಆಪರೇಷನ್ ಆದ ಒಬ್ಬರ ಎದುರು ಹೋಗಿ ನಿಲ್ಲಿ. ನಿಮ್ಮನ್ನು ಕಣ್ಣಾರೆ ನೋಡುವುದೇ ಅವರಿಗೆ ಅರ್ಧ ಔಷಧಿ.