ಗಡಿಕಲ್ಲಿನ ಸಾಕ್ಷಿ

"ಕೈ ತೆಗೀರ್ಲಾ ಮರದ್ ಮ್ಯಾಲಿಂದ. ಇದು ನಿಮ್ಮೂರ್ ಮರ ಅಲ್ಲ, ನಾಯಿಗಳಾ."

ಧಣಿಯ ಪಾರುಪತ್ಯಗಾರ ಉರ್ಬಾನೊ ಕುದುರೆಯಿಂದ ಇಳಿದಿರಲಿಲ್ಲ. ನಾವು ಇಪ್ಪತ್ತು ಜನ ಕಾಯಿ ಉದುರಿಸುವ ಉದ್ದನೆಯ ಕೋಲು, ಕೆಳಗೆ ಹಾಸುವ ಹಚ್ಚಡ ಹೊತ್ತು ಆಲಿವ್ ಮರಗಳ ಕೆಳಗೆ ನಿಂತಿದ್ದೆವು. ಡಿಸೆಂಬರಿನ ಮಂಜು ಎಲೆಗಳಿಂದ ತೊಟ್ಟಿಕ್ಕುತ್ತಿತ್ತು.

ಕೊಯ್ಲು ಎರಡು ತಿಂಗಳು. ಉಳಿದ ಹತ್ತು ತಿಂಗಳು ಅದರ ಮೇಲೇ ಉಸಿರು. ರಾಜ ಹೋಗಿ ಗಣರಾಜ್ಯ ಬಂದಾಗ ಹೊಸ ಕಾನೂನೂ ಬಂತು: ತೋಟ ಯಾವ ಊರಿನ ಎಲ್ಲೆಯಲ್ಲಿದೆಯೋ ಆ ಊರಿನ ಕೂಲಿಗಳನ್ನೇ ಮೊದಲು ಕರೆಯಬೇಕು. ಧಣಿ ಕಾನೂನು ಮುರಿಯಲಿಲ್ಲ. ಬೇಸಿಗೆಯಲ್ಲಿ, ಹಳ್ಳದ ಆಚೆಗಿದ್ದ ಗಡಿಕಲ್ಲನ್ನು ಕೀಳಿಸಿ ತೋಟದ ಈಚೆಗೆ ನೆಡಿಸಿದ. ತೋಟ ಪಕ್ಕದ ಊರಾದ ತೊರ್ರೆಸೇಕಾಕ್ಕೆ ಸೇರಿತು. ಅಲ್ಲಿನವರು ನಮಗಿಂತ ಹಸಿದವರು, ಅರ್ಧ ಕೂಲಿಗೆ ಬಂದಿದ್ದರು. ಹಳ್ಳದ ದಡದಲ್ಲಿ ನಿಂತಿದ್ದರು, ನಮ್ಮ ಮುಖ ನೋಡದೆ.

ಪುರಸಭೆಗೆ ಮೂರು ಅರ್ಜಿ ಕೊಟ್ಟೆವು. ಕಾರ್ಯದರ್ಶಿ ದೋನ್ ಲೆಯಾಂದ್ರೊ ಎರಡೂ ಊರಿಗೆ ಒಬ್ಬನೇ. ಸೋಮವಾರ ಇಲ್ಲಿ ಕೂತು ಆ ಊರಿಗೆ ನಮ್ಮ ದೂರು ಬರೆಯುತ್ತಿದ್ದ, ಗುರುವಾರ ಅಲ್ಲಿ ಕೂತು ದೂರಿನಲ್ಲಿ ಹುರುಳಿಲ್ಲವೆಂದು ತಾನೇ ಉತ್ತರಿಸುತ್ತಿದ್ದ. ನಕ್ಷೆ ಪ್ರಾಂತದ ಕಚೇರಿಗೆ, ಹಾಯೆನ್‌ಗೆ ಹೋಗಿದೆ ಎನ್ನುತ್ತಿದ್ದ. ಈ ದಿನ ಅವನನ್ನು ತೋಟಕ್ಕೆ ಎಳೆತಂದವಳು ನಮ್ಮ ಗುಂಪಿನ ರೆಮೀಹಿಯಾ. ದಾರಿಯುದ್ದಕ್ಕೂ ಅವನ ಬೂಟಿನ ಹೊಳಪನ್ನು ಹೊಗಳುತ್ತಲೇ ಇದ್ದಳಂತೆ.

ನನಗೆ ನಕ್ಷೆ ಬೇಕಿರಲಿಲ್ಲ. ಏಳು ವರ್ಷದವನಿದ್ದಾಗ ಊರ ಹಿರಿಯರು ಎಲ್ಲೆ ಸುತ್ತಿ ಕಲ್ಲು ನೆಟ್ಟರು. ಪ್ರತಿ ಕಲ್ಲಿನ ಹತ್ತಿರ ಎರಡೂ ಊರಿನ ಒಬ್ಬೊಬ್ಬ ಹುಡುಗನ ಕೆನ್ನೆಗೆ ಬಾರಿಸುವುದು ವಾಡಿಕೆ, ಸಾಯುವವರೆಗೂ ಜಾಗ ಮರೆಯದಿರಲಿ ಎಂದು. ಹಳ್ಳದಾಚೆಯ ಓಕ್ ಮರದ ಬುಡದಲ್ಲಿ ನನಗೆ ಬಿದ್ದ ಏಟಿಗೆ ಎಡಗಿವಿ ಇವತ್ತಿಗೂ ಮಂದ. ಕಲ್ಲಿನಡಿ ಒಂದು ಹೆಂಚು ಮುರಿದು ಮೂರು ಚೂರು ಹೂಳುತ್ತಾರೆ. ಕಲ್ಲು ಹೋದರೂ ಜಾಗ ಹೇಳುವ ಅವಕ್ಕೆ ಸಾಕ್ಷಿಗಳೆಂದೇ ಹೆಸರು. ಪಟ್ಟಣದಿಂದ ಬಂದ ಉರ್ಬಾನೊಗೆ ಇದು ತಿಳಿದಿರಲಿಲ್ಲ. ಕಲ್ಲನ್ನು ಮಾತ್ರ ಕಿತ್ತಿದ್ದ.

ಹಳ್ಳ ದಾಟಿ ಗುದ್ದಲಿ ಹಾಕಿದೆ. ಎಲ್ಲರೂ ಹಿಂದೆ ಬಂದರು. ಮೊಣಕಾಲಾಳದಲ್ಲಿ ಚೂರುಗಳು ಸಿಕ್ಕವು. ಒರೆಸಿ ಅಂಗೈಯಲ್ಲಿ ಜೋಡಿಸಿದೆ. ಕೂದಲು ತೂರದಂತೆ ಕೂಡಿಕೊಂಡವು.

ದೋನ್ ಲೆಯಾಂದ್ರೊ ಕನ್ನಡಕ ಏರಿಸಿ ನೋಡಿದ. "ಇದರ ಮೇಲೆ ಮೊಹರಿಲ್ಲವಲ್ಲಪ್ಪ, ಕಾಸ್ತೊ."

ಉರ್ಬಾನೊ ಆಗ ಕುದುರೆ ಇಳಿದ. ಚೂರುಗಳನ್ನು ನನ್ನ ಕೈಯಿಂದ ಬೀಳಿಸಿ ಹಿಮ್ಮಡಿಯಲ್ಲಿ ಪುಡಿ ಮಾಡಿದ. ಕೆಂಪು ಧೂಳು.

"ಮೊಹರು ಬೇಕಂತೆ ಸ್ವಾಮಿಗೆ," ಎಂದಳು ರೆಮೀಹಿಯಾ. "ಒತ್ತಲಾ ಕಾಸ್ತೊ, ಒತ್ತು."

ಅವಳ ಮಾತು ಮೊದಲು ನನಗೆ ತಿಳಿಯಲಿಲ್ಲ. ತಿಳಿದಾಗ ಟೊಪ್ಪಿಗೆ ತೆಗೆದೆ.

"ದೋನ್ ಲೆಯಾಂದ್ರೊ, ವಸಿ ಇಲ್ಲಿ ಬಂದು ನಿಂತ್ಕಳಿ. ಗುಂಡಿ ಪಕ್ಕ. ಹಾಂ, ಅಲ್ಲೇಯ."

ಬಂದು ನಿಂತ. ಐವತ್ತು ವರ್ಷ ಕೋಲು ಬೀಸಿದ ಕೈ ನನ್ನದು. ಕೆನ್ನೆಗೆ ಬಾರಿಸಿದ ಏಟಿಗೆ ಅವನ ಕನ್ನಡಕ ಗುಂಡಿಗೆ ಬಿತ್ತು.

"ಇನ್ ಮ್ಯಾಗೆ ನಿಮ್ಗೂ ಮರೆಯಾಕಿಲ್ಲ ಬುಡಿ."

ಉರ್ಬಾನೊ ಪೊಲೀಸರಿಗಾಗಿ ಕುದುರೆ ಓಡಿಸಿದ. ನಾನು ಅಲ್ಲೇ ಕೂತೆ. ತೊರ್ರೆಸೇಕಾದ ಗುಂಪಿನಲ್ಲಿ ನನ್ನ ವಯಸ್ಸಿನ ಮುದುಕನೊಬ್ಬ ಮೊದಲ ಸಲ ನನ್ನತ್ತ ನೋಡಿದ. ಅವನ ಕೈ ನಿಧಾನವಾಗಿ ಎದ್ದು ತನ್ನದೇ ಎಡಗೆನ್ನೆಯನ್ನು ಮುಟ್ಟಿಕೊಂಡಿತು.