ಮಾವ ಸೊಸೆಗೆ ಕೊಟ್ಟ ಬಂದೂಕು

ಬೆಳಗಿನ ಚಹಾದ ಹೊತ್ತಿಗೆ ಮೇಜಿನ ಮೇಲೆ ಹಿಟ್ಟಿನೊಳಗೆ ಮೀನು ತುಂಬಿ ಬೇಯಿಸಿದ ಪಿರೋಕ್ ಇರಬೇಕಿತ್ತು. ಅದರ ಬದಲು ಎರಡು ಬಂದೂಕು ಬಿದ್ದುಕೊಂಡಿದ್ದವು. ಮಾರ್ಫಾ ಒಲೆಯ ಪಕ್ಕ ನಿಂತು ಒಮ್ಮೆ ಅವನ್ನು, ಒಮ್ಮೆ ಗಂಡನ ಮುಖವನ್ನು ನೋಡುತ್ತಿದ್ದಳು. ನಿಕಿಫರ್‌ಗೆ ರಾತ್ರಿ ರೆಪ್ಪೆ ಅಂಟಿರಲಿಲ್ಲ. ಅಂಟುವುದಾದರೂ ಹೇಗೆ? ಹೊಗೆಮನೆಯ ಬಾಗಿಲು ಕಿತ್ತು, ಚಳಿಗಾಲಕ್ಕೆಂದು ತೂಗುಹಾಕಿದ್ದ ಮೀನನ್ನೆಲ್ಲ ಮುಕ್ಕುತ್ತಿದ್ದ ಕರಡಿಗೆ ಅವನು ಹಿಂದಿನ ಸಂಜೆ ಗುಂಡು ಹಾರಿಸಿದ್ದ. ಕರಡಿ ಬಿತ್ತು, ಎದ್ದಿತು, ಹಳ್ಳ ದಾಟಿ ಆಲ್ಡರ್ ಪೊದೆಯೊಳಗೆ ನುಗ್ಗಿ ಮರೆಯಾಯಿತು.

ಅದೇ ಹಳ್ಳದಿಂದ ಊರಿಗೆಲ್ಲ ನೀರು. ಅದೇ ಪೊದೆಯ ಅಂಚಿನಲ್ಲಿ ಹೆಂಗಸರು ಹಣ್ಣು ಬಿಡಿಸುವುದು. ಊರ ಗಂಡಸರೆಲ್ಲ ಮೀನಿನ ದೋಣಿ ಹತ್ತಿ ಸಮುದ್ರದ ಮೇಲಿದ್ದರು. ಮಂಜು ಕವಿದು ಪೇಟೆಯ ವಿಮಾನವೂ ಬರುವಂತಿರಲಿಲ್ಲ. ಬಂದಿದ್ದರೂ ಅಷ್ಟೇ ಅನ್ನಿ. ಕೊಡಿಯಾಕ್ ದ್ವೀಪದ ಈ ತುದಿಯಲ್ಲಿ ಮುತ್ತಜ್ಜನ ಕಾಲದಿಂದ ಒಂದೇ ಮಾತು: ರಕ್ತ ಹರಿಸಿದವನೇ ಹೋಗಿ ಮುಗಿಸಬೇಕು, ಅವನೇ ಮುಂದೆ ನಡೆಯಬೇಕು. ಪ್ರಾಣಿಯನ್ನು ನೋವಲ್ಲಿ ಬಿಟ್ಟು ಮನೆ ಸೇರಿದವನಿಗೆ ಆಮೇಲೆ ಯಾರೂ ದೋಣಿಯಲ್ಲಿ ಜಾಗ ಕೊಡುವುದಿಲ್ಲ.

"ಭಾರೀ ಕೆಲಸ ಮಾಡಿದೆ ಕಣಪ್ಪ," ಅಂದಳು ತೆಕ್ಲಾ, ನಿಕಿಫರ್‌ನ ಸೋದರತ್ತೆ. "ಮೀನೂ ಹೋಯ್ತು, ದೊಡ್ಡವನಿಗೆ ಸಿಟ್ಟೂ ಬಂತು." ತೆಕ್ಲಾ ಎಂದೂ ಕರಡಿಯ ಹೆಸರೆತ್ತಿದವಳಲ್ಲ. ಎಲ್ಲಿದ್ದರೂ ಅವನಿಗೆ ಕೇಳಿಸುತ್ತದೆ ಅನ್ನುತ್ತಿದ್ದಳು.

"ಅತ್ತೆ, ಸುಮ್ನಿರ್ತೀಯಾ?"

ಮಾವ ಜಖಾರ್ ಮೇಜಿನ ತುದಿಯಲ್ಲಿ ಕೂತಿದ್ದ. ಎರಡೂ ಕಣ್ಣಿಗೆ ಪೊರೆ ಬಂದು, ಈಗ ಅವನಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಒಂದು ಕಾಲಕ್ಕೆ ಕರಡಿ ಬೇಟೆಗೆ ಬಂದ ಪರದೇಶಿಗಳನ್ನು ಬೆಟ್ಟ ಹತ್ತಿಸಿ ಜೀವಸಹಿತ ಇಳಿಸಿದವನು ಅವನು. ಮಗನ ಬಂದೂಕಿನ ತೋಟಾ ಒಂದನ್ನು ಬೆರಳಲ್ಲಿ ಹೊರಳಿಸಿ, ಗುಂಡಿನ ಚೂಪು ತುದಿಯನ್ನು ಸವರಿ, ಮೂಗು ಮುರಿದ.

"ಮಾರ್ಫಾ, ನಿನ್ನ ಗಂಡನಿಗೆ ಹೇಳು. ಇದು ಹಗುರ ಗುಂಡು, ಓಡೋ ಗುಂಡು. ಜಿಂಕೆಗೆ ಸರಿ. ದೊಡ್ಡವನ ಹೆಗಲಮೂಳೆಗೆ ಹತ್ತಿರದಿಂದ ಬಡಿದ್ರೆ ಗೋಡೆಗೆ ಹೊಡೆದ ಮೊಟ್ಟೆ ಥರ ಒಡೆದು ಹೋಗುತ್ತೆ. ಚರ್ಮ ಹರೀತು, ಸಿಟ್ಟು ಬರಿಸ್ತು, ಅಷ್ಟೇ. ಒಳಗೆ ಹೋಗ್ಲೇ ಇಲ್ಲ."

"ಮಾರ್ಫಾ, ನಿನ್ನ ಮಾವನಿಗೆ ಹೇಳು," ಅಂದ ನಿಕಿಫರ್. "ಈ ಮುನ್ನೂರರ ಮ್ಯಾಗ್ನಮ್ ಬಂದೂಕು ಹಿಡ್ಕೊಂಡು ಜನ ಕಣಿವೆಯ ಈಚೆಯಿಂದ ಆಚೆಗೆ ಹೊಡೀತಾರೆ."

"ಹೊಡೀಲಿ. ಪೊದೆಯೊಳಗೆ ಕಣಿವೆ ಎಲ್ಲಿಂದ ತರ್ತಾನಂತೆ ಕೇಳು! ಅಲ್ಲಿ ದೊಡ್ಡವನು ಮೂಗಿಗೆ ಮೂಗು ತಾಗಿಸ್ಕೊಂಡು ಬರ್ತಾನೆ. ಆಗ ಬೇಕಾದ್ದು ತೂಕ. ನಿಧಾನ ಹೋದ್ರೂ ಈ ಕಡೆ ಹೊಕ್ಕು ಆ ಕಡೆ ಬರೋ ಗುಂಡು. ಆ ಬಂದೂಕಿನ ಮೇಲಿರೋ ದುರ್ಬೀನಿಗೆ ಕಣ್ಣಿಟ್ರೆ ಕಾಣೋದು ಬರೀ ಕೂದಲು."

ಅಪ್ಪ ಮಗ ಹೀಗೆ ಅವಳ ತಲೆಯ ಮೇಲಿಂದ ಮಾತಾಡಲು ಶುರುಮಾಡಿ ಮೂರು ವರ್ಷ. ಈಸ್ಟರ್ ಹಬ್ಬದ ಊಟದಲ್ಲಿ, ಊರೆಲ್ಲ ಕೂತಿದ್ದಾಗ, ಜಖಾರ್ ತನ್ನ ಹಳೆಯ ಮುನ್ನೂರ ಎಪ್ಪತ್ತೈದರ ಬಂದೂಕನ್ನು ತಂದು ಸೊಸೆಯ ಮಡಿಲಲ್ಲಿಟ್ಟಿದ್ದ. "ಇವಳು ಕಣ್ಣು ಬಿಟ್ಕೊಂಡು ಹೊಡೀತಾಳೆ," ಅಂದಿದ್ದ. ಮಗ ಕಣ್ಣು ಮುಚ್ಚುತ್ತಾನೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತೇ? ಎಲ್ಲರಿಗೂ ತಿಳಿಯಿತು, ಕೆಲವರು ನಕ್ಕರು. ಆ ಬೇಸಿಗೆಯೇ ನಿಕಿಫರ್ ಪೇಟೆಗೆ ಹೋಗಿ ಈ ಮಿರಿಮಿರಿ ಮ್ಯಾಗ್ನಮ್ ತಂದ. ಹಳೆಯದನ್ನು ಅವನು ಬೆರಳಲ್ಲೂ ಮುಟ್ಟಲಿಲ್ಲ. ಈ ಗಂಡಸರ ಬಿಂಕಕ್ಕಿಷ್ಟು ಬೆಂಕಿ ಹಾಕ!

"ಮಾರ್ಫಾ ಮುಂದೆ ಹೋಗ್ಲಿ," ಅಂದ ಜಖಾರ್ ಕೊನೆಗೆ. "ಹಳೇದು ಅವಳ ಕೈಲಿರ್ಲಿ. ಅವನು ಹಿಂದೆ ಬರ್ಲಿ."

ನಿಕಿಫರ್‌ನ ಮುಖದಲ್ಲಿ ರಕ್ತ ಇಳಿದುಹೋಯಿತು. ಮಾರ್ಫಾಳಿಗೆ ಎರಡೂ ದಾರಿ ನಿಚ್ಚಳವಾಗಿ ಕಂಡವು. ಮ್ಯಾಗ್ನಮ್ ಹಿಡಿದು ಅವನು ಮುಂದೆ ಹೋದರೆ ಸಾಯುತ್ತಾನೆ. ತಾನು ಮುಂದೆ ಹೋದರೆ ಬದುಕುತ್ತಾನೆ, ಆದರೆ ಈ ಊರಲ್ಲಿ ತಲೆಯೆತ್ತಿ ಓಡಾಡುವುದಿಲ್ಲ. ಹದಿನಾಲ್ಕು ವರ್ಷ ಅವನ ಜೊತೆ ಬಾಳಿದವಳಿಗೆ ಅದು ಗೊತ್ತಿಲ್ಲವೇ? ಅವಳು ಹಳೆಯ ಬಂದೂಕನ್ನು ಎತ್ತಿ, ತೋಟಾ ತುಂಬಿ, ಗುಂಡು ಹಾರದಂತೆ ಲಾಕು ಹಾಕಿ, ಗಂಡನ ಮುಂದಿಟ್ಟಳು.

"ರಕ್ತ ಹರಿಸಿದ್ದು ನೀನು. ಮುಂದೆ ನೀನೇ ನಡಿ. ಇದನ್ನ ಹಿಡ್ಕೋ. ನಿನ್ನದು ನಾನು ತರ್ತೀನಿ."

ನಿಕಿಫರ್ ಬಂದೂಕೆತ್ತಿ ತೂಕ ನೋಡಿದ, ಹೆಗಲಿಗಿಟ್ಟ, ಇಳಿಸಿದ.

"ಅದರ ಲಾಕು ನಿನ್ನದರ ಥರ ಅಲ್ಲ, ಅದು—" ಅಂದಳು ಮಾರ್ಫಾ.

"ನಂಗೆ ಬಂದೂಕು ಹೇಳ್ಕೊಡ್ತೀಯೇನೇ?"

ಮಾವ ಕೂತಿದ್ದ. ತೆಕ್ಲಾ ಕಿವಿ ನಿಮಿರಿಸಿದ್ದಳು. ಅವರ ಮುಂದೆ ಇನ್ನೊಂದು ಮಾತಾಡಿದರೆ ಗಾಯದ ಮೇಲೆ ಬರೆ ಎಳೆದಂತೆ. ಮಾರ್ಫಾ ಮಾತು ನುಂಗಿಕೊಂಡಳು. ಹಾದಿಯಲ್ಲಿ ಹೇಳಿದರಾಯಿತು ಅಂದುಕೊಂಡಳು. ಹಾದಿಯಲ್ಲಿ ಅವನು ಬಿರಬಿರನೆ ಮುಂದೆ ನಡೆದ, ಹಿಂತಿರುಗಿ ನೋಡಲೇ ಇಲ್ಲ.

ಮುದುಕರಿಬ್ಬರೂ ಈಚೆ ದಡದಲ್ಲಿ ನಿಂತರು. ಗಂಡ ಹೆಂಡತಿ ಮೊಣಕಾಲುದ್ದದ ನೀರು ದಾಟಿದರು. ಮೊಟ್ಟೆಯಿಟ್ಟು ಸತ್ತ ಮೀನುಗಳ ನಾತ, ಅದರ ಮೇಲೆ ಇನ್ನೊಂದು ನಾತ, ಒದ್ದೆ ಕಂಬಳಿಯಂಥದು, ಕರಡಿಯದು. ಗಾಳಿ ಮುಖಕ್ಕೆ ಬೀಸುತ್ತಿತ್ತು, ಇವರ ವಾಸನೆ ಅದಕ್ಕೆ ತಲುಪದು, ಅದೊಂದು ಪುಣ್ಯ. ಎಲೆಗಳ ಮೇಲೆ ಅಲ್ಲಲ್ಲಿ ಒಣಗಿದ ರಕ್ತವಿತ್ತು.

ಪೊದೆಯೊಳಗೆ ನೆಟ್ಟಗೆ ನಿಲ್ಲುವಂತಿರಲಿಲ್ಲ. ಕೊಂಬೆಗಳು ನೆಲದಿಂದಲೇ ಅಡ್ಡಡ್ಡ ಹೆಣೆದುಕೊಂಡು ಕಾಲು ಹಿಡಿಯುತ್ತಿದ್ದವು, ತೋಳು ಎಳೆಯುತ್ತಿದ್ದವು. ಅಂಥ ಕಡೆ ತೋಟಾ ತುಂಬಿಯೇ ನಡೆಯಬೇಕು, ಲಾಕು ಹಾಕಿಯೇ ನಡೆಯಬೇಕು. ಇಲ್ಲದಿದ್ದರೆ ಯಾವುದೋ ಕಡ್ಡಿ ಬಂದೂಕಿನ ಕುದುರೆಗೆ ಸಿಕ್ಕಿ ಮುಂದಿರುವವನ ಬೆನ್ನಿಗೇ ಗುಂಡು. ಮಾರ್ಫಾ ದುರ್ಬೀನನ್ನು ಅತಿ ಹತ್ತಿರಕ್ಕೆ ತಿರುಗಿಸಿಟ್ಟುಕೊಂಡಿದ್ದಳು. ಅದರ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಈ ಬಂದೂಕಿನ ಮೇಲೆಯೇ ಇರಲಿಲ್ಲ. ಗಂಡನ ಬೆನ್ನಿಗೆ ಕಣ್ಣು ನೆಟ್ಟು, ಲಾಕಿನ ವಿಷಯ ಈಗ ಪಿಸುಗುಟ್ಟಲೇ ಅಂತ ಒದ್ದಾಡಿದಳು. ಪಿಸುಮಾತೂ ಕೇಳಿಸುವಷ್ಟು ಹತ್ತಿರ ಅದು ಮಲಗಿದ್ದರೆ?

ನಿಕಿಫರ್ ನಿಂತ. ರಕ್ತದ ಜಾಡು ಮುಂದಕ್ಕೆ ಹೋಗಿತ್ತು. ಆದರೆ ಗಾಯಗೊಂಡ ಕರಡಿ ಬಲು ಖದೀಮ. ಮುಂದೆ ಹೋದಂತೆ ಹೋಗಿ, ಬಳಸಿ ಬಂದು, ತನ್ನ ಜಾಡಿನ ಪಕ್ಕದಲ್ಲೇ ಕಾದು ಮಲಗುತ್ತದೆ. ಎಡಗಡೆ ಹಲ್ಲು ಕಟಕಟ ಕಡಿದ ಸದ್ದು ಕೇಳಿಸಿತು.

ಪೊದೆ ಎರಡಾಗಿ ಸೀಳಿತು. ಕಂದು ಬಣ್ಣದ ರಾಶಿಯೊಂದು, ಗರ್ಜನೆಯೂ ಇಲ್ಲ ಎಂಥದೂ ಇಲ್ಲ, ನೆಲಕ್ಕೆ ತಲೆ ಹಚ್ಚಿ ನುಗ್ಗಿತು. ನಿಕಿಫರ್ ತಿರುಗಿದ, ಬಂದೂಕು ಹೆಗಲಿಗೇರಿತು. ಎಲ್ಲ ಸರಿಯಾಗಿತ್ತು. ಕಣ್ಣು ಸಹ ಬಿಟ್ಟಿದ್ದ. ಕುದುರೆ ಎಳೆದ, ಬಂದೂಕು ಮಾತಾಡಲಿಲ್ಲ. ಅವನ ಹೆಬ್ಬೆರಳು ತನ್ನ ಮ್ಯಾಗ್ನಮ್‌ನಲ್ಲಿ ಲಾಕಿರುವ ಬಲಬದಿಯ ಜಾಗವನ್ನು ತಡಕಿತು. ಅಲ್ಲಿ ಬರೀ ಮರವಿತ್ತು. ಹಳೆಯದರ ಲಾಕು ತೋಟಾ ಏರಿಸುವ ಅಗುಳಿಯ ಹಿಂತುದಿಯಲ್ಲಿತ್ತು, ಅದನ್ನು ಮೇಲಿನಿಂದ ಎಡಕ್ಕೆ ಹೊರಳಿಸಬೇಕು. ಬೆರಳು ಮತ್ತೆ ಮತ್ತೆ ಮರವನ್ನೇ ಉಜ್ಜುವುದನ್ನು ಮಾರ್ಫಾ ಕಂಡಳು.

ಅವಳಿಗೂ ಕರಡಿಗೂ ನಡುವೆ ಗಂಡನೇ ಇದ್ದ.

"ಬೀಳೋ! ಕೆಳಗೆ ಬೀಳೋ!"

ಅವನು ಯಾಕೆಂದು ಕೇಳಲಿಲ್ಲ, ಧೊಪ್ಪೆಂದು ಬಿದ್ದ. ಅವನು ನಿಂತಿದ್ದ ಕಡೆ ಈಗ ಒಂದು ತೆರೆದ ಬಾಯಿ ಇತ್ತು. ಹೆಗಲಿಗೆ ಹೊಡೆದರೆ ಈ ಗುಂಡು ಮತ್ತೆ ಒಡೆಯುತ್ತದೆ. ಮೂಳೆ ಅಡ್ಡ ಬರದ ಬಾಗಿಲು ಅದೊಂದೇ. ದುರ್ಬೀನು ಬಿಟ್ಟು, ನಳಿಗೆಯ ಪಕ್ಕದಿಂದ ನೋಡಿ, ಆ ಬಾಯಿಯೊಳಗೆ ಹೊಡೆದಳು.

ಕರಡಿ ನಿಕಿಫರ್‌ನ ಕಾಲ ಮೇಲೆ ಕುಸಿಯಿತು. ಒಂದು ಸಲ ಉಸಿರು ಬಿಟ್ಟಿತು, ಮತ್ತೆ ತೆಗೆದುಕೊಳ್ಳಲಿಲ್ಲ. ಮಾರ್ಫಾ ಇನ್ನೊಂದು ತೋಟಾ ಏರಿಸಿ ಗುರಿ ಹಿಡಿದೇ ನಿಂತಳು. ಗಂಡನೂ ಅಲುಗಲಿಲ್ಲ.

"ಕಾಲು," ಅಂದ ಅವನು ಕೆಳಗಿನಿಂದ. "ಕಾಲು ಸಿಕ್ಕೊಂಡಿದೆ ಮಾರ್ಫಾ."

ಕೊಂಬೆ ಮೀಟಿ ಅವನನ್ನು ಎಳೆದು ತೆಗೆಯುವಷ್ಟರಲ್ಲಿ ಅವಳ ಅಂಗಿ ಬೆವರಲ್ಲಿ ತೊಯ್ದಿತ್ತು. ಬೂಟು ಹರಿದಿತ್ತು, ಮೀನಖಂಡದಲ್ಲಿ ಉದ್ದಕ್ಕೆ ಒಂದು ಗೀರು, ಮೂಳೆ ಗಟ್ಟಿಯಾಗಿತ್ತು. ಅವನು ಅವಳ ಭುಜ ಹಿಡಿದು ಕುಂಟುತ್ತ ನಡೆದ.

ಹಳ್ಳದ ಕಡೆ ತೆಕ್ಲಾ ಎದೆ ಬಡಿದುಕೊಂಡು ಕೂಗುತ್ತಿದ್ದಳು. ಪೊದೆಯಿಂದ ಹೊರಬಂದು ನೋಡಿದರೆ ಜಖಾರ್ ನೀರಿನ ನಡುವೆ! ಮೀನು ಸೀಳುವ ಚೂರಿಯೊಂದನ್ನು ಕೈಯಲ್ಲಿ ಹಿಡಿದು, ಜಾರುತ್ತ, ಮುಗ್ಗರಿಸುತ್ತ, ಕಾಣದ ಕಣ್ಣಲ್ಲಿ ಪೊದೆಯತ್ತ ಬರುತ್ತಿದ್ದ. ಕೇಳಿಸಿದ್ದು ಒಂದೇ ಗುಂಡು, ಅದೂ ಮ್ಯಾಗ್ನಮ್‌ನ ಚುರುಕು ಸದ್ದು. ತನ್ನ ಹಳೆಯ ಬಂದೂಕಿನ ದನಿ ಅವನಿಗೆ ಗೊತ್ತಿಲ್ಲವೇ? ಅದು ದನಿಯೆತ್ತಿರಲಿಲ್ಲ. ಅಂದರೆ ಮುಂದಿದ್ದವನು ಹೊಡೆಯುವ ಮೊದಲೇ ಹೋದ.

"ಮಾರ್ಫಾ! ನನ್ನ ಮಗನ್ನ ಎಲ್ಲಿ ಬಿಟ್ಟೆ?"

"ಅಪ್ಪ, ಇಲ್ಲಿದ್ದೀನಿ," ಅಂದ ನಿಕಿಫರ್, ಕುಂಟುತ್ತಲೇ ನೀರಿಗಿಳಿದು.

ಮುದುಕ ಚೂರಿ ಬಿಸಾಕಿ ಅವನ ಮುಖ, ಕತ್ತು, ತೋಳು ಎಲ್ಲ ತಡವಿ ನೋಡಿದ. ಆಮೇಲೆ ಬೆನ್ನಿಗೊಂದು ಗುದ್ದು ಗುದ್ದಿ, "ಯಾಕೋ ಹೊಡೀಲಿಲ್ಲ? ಆ?" ಅಂತ ಅತ್ತೇಬಿಟ್ಟ.

ತೋಟಾಕ್ಕೆ ನೀರು ಬಿದ್ದಿತ್ತು ಮಾವ ಅನ್ನುವ ಸುಳ್ಳು ಮಾರ್ಫಾಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಿಕಿಫರ್ ಅಂದ: "ಲಾಕು ಸಿಗ್ಲಿಲ್ಲ ಅಪ್ಪ. ಇವಳು ಹೇಳೋಕೆ ಬಂದ್ಲು. ನಾನೇ ಬಾಯಿ ಮುಚ್ಚಿಸ್ದೆ."

ಆಗ ಮಾರ್ಫಾಳಿಗೆ ಬಂತು ನೋಡಿ ಸಿಟ್ಟು. ಮೂರು ವರ್ಷದ್ದೆಲ್ಲ ಒಂದೇ ಸಲಕ್ಕೆ ಬಂತು.

"ನೀನು ಮುಚ್ಚಿಸ್ದೆ, ನಾನು ಮುಚ್ಕೊಂಡೆ! ನಿನ್ನ ಮರ್ಯಾದೆ ಹೋಗ್ಬಾರ್ದು, ನಿಮ್ಮಪ್ಪನ ಮಾತು ಬೀಳ್ಬಾರ್ದು ಅಂತ! ಇಬ್ಬರ ಮಾನ ಕಾಯೋಕೆ ಹೋಗಿ ಇವತ್ತು ನಿನ್ನ ಹೆಣ ಹೊತ್ಕೊಂಡು ಬರ್ತಿದ್ದೆ! ಮಾವ, ನೀವೂ ಕೇಳಿಸ್ಕೊಳ್ಳಿ. ನನ್ನ ಮೇಲಿಂದ ಮಾತಾಡೋದು ಇವತ್ತಿಗೆ ಮುಗೀತು. ಏನಿದ್ರೂ ನೀವು ನೀವೇ ಆಡ್ಕೊಳ್ಳಿ. ನಾನು ಹೇಳ್ಬೇಕಾದ್ದನ್ನ ಯಾರ ಮುಂದಾದ್ರೂ ಹೇಳ್ತೀನಿ!"

ಅಪ್ಪ ಮಗ ಇಬ್ಬರೂ ಮೊಣಕಾಲವರೆಗೆ ನೀರಲ್ಲಿ ನಿಂತು, ಶಾಲೆಯ ಹುಡುಗರಂತೆ ತಲೆ ತಗ್ಗಿಸಿ ಕೇಳಿದರು. ಮಾರ್ಫಾ ಅಳುತ್ತಿದ್ದಳು, ಅಳುತ್ತಲೇ ಬೈಯುತ್ತಿದ್ದಳು, ಬೈಯುತ್ತಲೇ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.